ಹುಬ್ಬಳ್ಳಿ–ಗದಗ ರಸ್ತೇದಾಗ ಅಡಾಸ್ ಗಾಡಿ: ಎಷ್ಟು ನಂಬಬೇಕು, ಎಲ್ಲಿ ಬಂದ್ ಮಾಡಬೇಕು?

ಅಣ್ಣಿಗೇರಿ_ಕ್ರಾಸ್ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಮನ್ಯಾಗ ಲೆವೆಲ್ 2 ಅಡಾಸ್ (ಡ್ರೈವರಿಗೆ ನೆರವಾಗೋ ವ್ಯವಸ್ಥೆ) ಇರೋ ಕಾರ್ ಐತಿ. ಗ್ಲಾಸಿನ ಹಿಂದ ಕ್ಯಾಮೆರಾ, ಬಂಪರ್ ಕಡೆ ರೇಡಾರ್. ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿ ನೋಡಿ ವೇಗ ತಾನ ಹಿಡಿಯೋದು), ಲೇನ್ ಕೀಪ್ (ಸ್ಟೇರಿಂಗ್ ತಿದ್ದಿ ಗೆರಿ ನಡುವ ಇಡೋದು), ತಾನ ಬ್ರೇಕ್ ಹಾಕೋದು ಮೂರೂ ಅದಾವ. ಓಡಾಟ ಹೆಚ್ಚಾಗಿ ಹುಬ್ಬಳ್ಳಿ–ಗದಗ, ತಿಂಗಳಿಗೆ ಮೂರ್ನಾಕು ಸಲ ಹಾವೇರಿ–ರಾಣೇಬೆನ್ನೂರ ಕಡೆ, ಅದರಾಗೂ ರಾತ್ರಿ ಹೆಚ್ಚು. ಗಾಡಿ ನಾನೂ ಹೊಡೀತೀನಿ, 68 ವರ್ಷದ ಅಪ್ಪಾಜಿನೂ ಹೊಡೀತಾರ.

ಕೇಳಬೇಕಾಗಿದ್ದು ಇಷ್ಟು. ರಸ್ತೆ ಬಾಜೂಕ ಕೆಟ್ಟು ನಿಂತ ಲಾರಿ, ಹಿಂದ ಲೈಟ್ ಇಲ್ಲದ ಟ್ರ್ಯಾಕ್ಟರ್, ಇವನ್ನ ಗಾಡಿ ಗುರುತು ಹಿಡಿದು ನಿಲ್ತೈತೋ ಇಲ್ಲೋ? ಲೇನ್ ಕೀಪ್ ನಡುನಡುವ ಸದ್ದಿಲ್ದಂಗ ಬಿಟ್ಟು ಹೋಗ್ತೈತಿ, ಅದು ಕೆಟ್ಟೈತೋ, ಅದರ ಸ್ವಭಾವನ ಹಂಗೋ? ಮುಂದಿನ ಗ್ಲಾಸಿಗೆ ಕಲ್ಲು ಬಡಿದು ಬಿರುಕು ಬಿಟ್ಟೈತಿ, ಹೊರಗ ಎಲ್ಲರೆ ಹಾಕಿಸಿದ್ರ ನಡೀತೈತೇನು? ವಯಸ್ಸಾದವ್ರಿಗೆ ಇದು ಆಸರಾನೋ, ತ್ರಾಸೋ? 'ಗಾಡಿ ತಾನ ಓಡ್ತೈತಿ, ಕೈ ಬಿಟ್ಟು ಆರಾಮ ಕುಂದ್ರಬಹುದು' ಅಂತ ವಿಡಿಯೋ ಹಾಕೋರು ಬಾಳ ಆಗ್ಯಾರ. ಗೊತ್ತಿದ್ದವ್ರು ಖರೇ ಏನೈತಿ ಹೇಳ್ರಿ.

ನವಲೂರ_ಪೇರು:

ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಉಳಿದ ಪ್ರಶ್ನೆಗಳ ಬೇರೂ ಅಲ್ಲೇ ಇದೆ. ಸ್ಟೇರಿಂಗ್ ತಿರುಗಿಸುವುದು, ವೇಗ ಹಿಡಿಯುವುದು ಎರಡನ್ನೂ ಗಾಡಿ ಮಾಡಿ, ರಸ್ತೆ ನೋಡುವ ಕೆಲಸ ಪೂರ್ತಿ ಮನುಷ್ಯನಿಗೇ ಉಳಿದರೆ ಅದು ಲೆವೆಲ್ 2. ಲೆವೆಲ್ 3ರಲ್ಲಿ ನೋಡುವ ಕೆಲಸವೂ ಗಾಡಿಯದು, ಕರೆದಾಗ ಮಾತ್ರ ಮನುಷ್ಯ ಬರಬೇಕು. ಲೆವೆಲ್ 4ರಲ್ಲಿ ಗೊತ್ತುಮಾಡಿದ ಸೀಮೆಯೊಳಗೆ ಡ್ರೈವರೇ ಬೇಡ. ಅಮೆರಿಕದ ಫೀನಿಕ್ಸ್ ಕಡೆ ವೇಮೋ ಟ್ಯಾಕ್ಸಿಗಳು 2020ರಿಂದ ಹಾಗೆ ಸಾರ್ವಜನಿಕರನ್ನು ಕೂರಿಸಿಕೊಂಡು ಓಡುತ್ತಿವೆ. ನಮ್ಮಲ್ಲಿ ಜನ ಕೊಳ್ಳುತ್ತಿರುವ ಅಡಾಸ್ ಕಾರುಗಳು ಹೆಚ್ಚೆಂದರೆ ಲೆವೆಲ್ 2. ಅಂದರೆ ಕೈ ಬಿಟ್ಟು ಕೂರುವ ಗಾಡಿ ಅಲ್ಲವೇ ಅಲ್ಲ.

ತೊಡಕು ಏನೆಂದರೆ, ಕೈಗೆ ಕೆಲಸ ಕೊಡದೆ ಕಣ್ಣನ್ನು ಮಾತ್ರ ಕಾವಲಿಗೆ ಹಚ್ಚಿದರೆ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಯುದ್ಧಕಾಲದಲ್ಲಿ ರೇಡಾರ್ ಪರದೆ ಕಾಯುವವರು ಗುರುತುಗಳನ್ನು ಯಾಕೆ ತಪ್ಪಿಸುತ್ತಾರೆ ಎಂದು ತಿಳಿಯಲು ಬ್ರಿಟನ್ನಿನಲ್ಲಿ ನಾರ್ಮನ್ ಮ್ಯಾಕ್‌ವರ್ಥ್ ಒಂದು ಪರೀಕ್ಷೆ ಮಾಡಿದರು. 1948ರಲ್ಲಿ ಅದು ಪ್ರಕಟವಾಯಿತು. ಗಡಿಯಾರದಂತೆ ಹೆಜ್ಜೆಹೆಜ್ಜೆಯಾಗಿ ಸರಿಯುವ ಮುಳ್ಳು ಅಪರೂಪಕ್ಕೊಮ್ಮೆ ಒಂದರ ಬದಲು ಎರಡು ಹೆಜ್ಜೆ ಜಿಗಿಯುತ್ತಿತ್ತು, ಅದನ್ನು ಹಿಡಿಯಬೇಕು, ಅಷ್ಟೇ. ಮೊದಲ ಅರ್ಧ ಗಂಟೆಯೊಳಗೇ ತಪ್ಪುಗಳು ಏರಿದವು. ನೀವು ಹುಬ್ಬಳ್ಳಿ ಬಿಟ್ಟ ಅರ್ಧ ತಾಸಿಗೆ ಅಣ್ಣಿಗೇರಿ ಸಮೀಪ ಬಂದಿರುತ್ತೀರಿ. 1983ರಲ್ಲಿ ಲಿಸಾನ್ ಬೈನ್‌ಬ್ರಿಜ್ ಕಾರ್ಖಾನೆಯ ಯಂತ್ರಗಳ ಬಗ್ಗೆ ಬರೆಯುವಾಗ ಇನ್ನೊಂದು ಎಳೆ ಎತ್ತಿ ತೋರಿಸಿದರು: ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಯಂತ್ರದ ಕೈಲಾಗದ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಉಳಿಸಿದರೆ, ಆ ಗಳಿಗೆ ಬರುವ ಹೊತ್ತಿಗೆ ಅವನ ಕೈ ರೂಢಿ ತಪ್ಪಿರುತ್ತದೆ. ಹತ್ತು ಸಾವಿರ ಕಿಲೋಮೀಟರು ಗಾಡಿ ಸರಿಯಾಗಿ ಓಡಿತು ಎನ್ನುವುದು ಹಾಗಾಗಿ ಧೈರ್ಯದ ಮಾತಲ್ಲ. ಸರಿಯಾಗಿ ಓಡಿದಷ್ಟೂ ನಮ್ಮ ನಿಗಾ ಸಡಿಲಾಗುತ್ತದೆ.

ಲೆಕ್ಕ ಹಾಕಿ ನೋಡಿ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಗಮನ ಇಟ್ಟವನು ಕಾಲನ್ನು ಬ್ರೇಕಿಗೆ ತರಲು ಒಂದೂವರೆ ಸೆಕೆಂಡ್ ಹಿಡಿದರೂ ಅಷ್ಟರಲ್ಲಿ 33 ಮೀಟರ್ ಹೋಗಿರುತ್ತದೆ. ಒಣ ಡಾಂಬರಿನ ಮೇಲೆ ಗಟ್ಟಿ ಬ್ರೇಕ್ ಹಾಕಿದರೆ ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು 68. ಕಣ್ಣು ಮೊಬೈಲಿನ ಮೇಲಿದ್ದು, ಎಚ್ಚರಿಕೆ ಕೇಳಿ ತಲೆ ಎತ್ತಿ, ಏನಾಗುತ್ತಿದೆ ಎಂದು ತಿಳಿದು ಬ್ರೇಕ್ ಒತ್ತಲು ಮೂರು ಸೆಕೆಂಡ್ ಆದರೆ ಒಟ್ಟು 102 ಮೀಟರ್. ಡಿಮ್ ಲೈಟಿನಲ್ಲಿ ಸರಿಯಾಗಿ ಕಾಣುವುದು ಸುಮಾರು 50 ಮೀಟರ್. ಲೈಟಿಲ್ಲದ ಟ್ರ್ಯಾಕ್ಟರಿನ ವಿಷಯದಲ್ಲಿ ಗಮನ ಇಟ್ಟವನಿಗೂ 80ರ ವೇಗ ತೀರಾ ಹೆಚ್ಚು ಅಂತಾಯಿತು. 60ಕ್ಕೆ ಇಳಿಸಿದರೆ ಅದೇ ಲೆಕ್ಕ 45 ಮೀಟರಿಗೆ ಬರುತ್ತದೆ. ರಾತ್ರಿ ಎದುರು ಗಾಡಿ ಬಂದು ಡಿಮ್ ಮಾಡಬೇಕಾದ ರಸ್ತೆಯಲ್ಲಿ ಕ್ರೂಸ್ ಅನ್ನು 60ರ ಮೇಲೆ ಇಡಬೇಡಿ ಎನ್ನುವುದು ಇದಕ್ಕೇ.

ಲೆವೆಲ್ 3ರ ಗಾಡಿಗೂ ಈ ಸಮಯದ ಪ್ರಶ್ನೆ ತಪ್ಪಿದ್ದಲ್ಲ. ಅಂಥ ಗಾಡಿಗಳಿಗಾಗಿ ವಿಶ್ವಸಂಸ್ಥೆಯ ಯುರೋಪ್ ಆಯೋಗದ 157ನೇ ನಿಯಮ 2020ರಲ್ಲಿ ಬಂದಾಗ ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್ ಇತ್ತು. 'ಸ್ಟೇರಿಂಗ್ ಹಿಡಿಯಿರಿ' ಎಂದು ಕರೆದ ಮೇಲೆ ಮನುಷ್ಯನಿಗೆ 10 ಸೆಕೆಂಡ್ ಕೊಡಬೇಕು, ಬರದಿದ್ದರೆ ಗಾಡಿಯೇ ನಿಧಾನವಾಗಿ ನಿಲ್ಲಬೇಕು. ನಿಮ್ಮ ಲೆವೆಲ್ 2 ಗಾಡಿಗೆ ಹಾಗೆ ಹತ್ತು ಸೆಕೆಂಡ್ ಕೊಡುವ ಕಟ್ಟಳೆ ಇಲ್ಲ. ಬಿಟ್ಟ ಕ್ಷಣವೇ ಬಿಟ್ಟಿರುತ್ತದೆ.

ಒಂದು ಅಪಘಾತವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಊಬರ್ ಕಂಪನಿಯ ಪರೀಕ್ಷಾ ಗಾಡಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಬಡಿಯಿತು; ಆಕೆ ಉಳಿಯಲಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಹೊರಬಿದ್ದದ್ದು: ರೇಡಾರ್ ಆಕೆಯನ್ನು 5.6 ಸೆಕೆಂಡ್ ಮೊದಲೇ ಕಂಡಿತ್ತು. ಆದರೆ ಸಾಫ್ಟ್‌ವೇರ್ ಒಮ್ಮೆ ವಾಹನ ಅಂದಿತು, ಒಮ್ಮೆ ಬೇರೇನೋ ಅಂದಿತು, ಒಮ್ಮೆ ಸೈಕಲ್ ಅಂದಿತು. ಹೆಸರು ಬದಲಾದಾಗಲೆಲ್ಲ ಅಲ್ಲಿಯವರೆಗಿನ ಚಲನೆಯ ಲೆಕ್ಕ ಅಳಿಸಿ ಹೋಯಿತು. ಜೀಬ್ರಾ ಪಟ್ಟಿ ಇಲ್ಲದ ಕಡೆ ಜನ ದಾಟಬಹುದು ಎಂಬ ಎಣಿಕೆಯೇ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಬಡಿಯುವುದು ಖಚಿತ ಅಂತ ಗೊತ್ತಾದಾಗ ಉಳಿದದ್ದು 1.2 ಸೆಕೆಂಡ್, ಸುಳ್ಳು ಬ್ರೇಕ್ ಬೀಳದಿರಲಿ ಎಂದು ಇಟ್ಟಿದ್ದ ಒಂದು ಸೆಕೆಂಡಿನ ತಡೆ ಅದರಲ್ಲೇ ತಿಂದು ಹೋಯಿತು. ಕಾರಿನ ಮೂಲ ಕಂಪನಿಯ ತುರ್ತು ಬ್ರೇಕನ್ನು ಪರೀಕ್ಷೆಯ ವೇಳೆ ಬಂದ್ ಇಟ್ಟಿದ್ದರು. ಸೀಟಿನಲ್ಲಿದ್ದ ಕಾವಲು ಡ್ರೈವರಿನ ಕಣ್ಣು ಮೊಬೈಲಿನ ಮೇಲಿತ್ತು. ಮೊದಲು ಇಬ್ಬರು ಕೂರುತ್ತಿದ್ದ ಗಾಡಿಯಲ್ಲಿ ಕಂಪನಿ ಒಬ್ಬರನ್ನು ಕಡಿಮೆ ಮಾಡಿತ್ತು.

ಈಗ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ನೆನಪಿಗೆ ತಂದುಕೊಳ್ಳಿ. ಜನ ದಾಟುವುದು ಪಟ್ಟಿ ನೋಡಿ ಅಲ್ಲ. ಕೈ ಅಡ್ಡ ಹಿಡಿದು, ಡ್ರೈವರಿನ ಮುಖ ನೋಡಿ, ಅವನ ಕಣ್ಣು ತನ್ನ ಮೇಲೆ ಬಿದ್ದಿತು ಅಂತ ಖಾತ್ರಿಯಾದ ಮೇಲೆ ಹೆಜ್ಜೆ ಇಡುತ್ತಾರೆ. ಡ್ರೈವರ್ ಕೆಳಗೆ ನೋಡುತ್ತಿದ್ದು ಗಾಡಿ ತಾನೇ ಮುಂದಕ್ಕೆ ಸರಿಯುತ್ತಿದ್ದರೆ, ದಾಟುವವರಿಗೆ ಸಿಗುವ ಸಂಜ್ಞೆಯೇ ತಪ್ಪು. ಊರೊಳಗೆ ಕ್ರೂಸ್ ಹಚ್ಚಲೇಬೇಡಿ.

ಪಾನಾ_14:

ನಿಂತ ಲಾರಿ ವಿಚಾರ ನಾ ಹೇಳ್ತೀನಿ. ರೇಡಾರಿಗೆ ಚಲೋ ತಿಳಿಯೋದು ಓಡೋ ವಸ್ತು. ಅದು ತರಂಗ ಬಿಟ್ಟು, ತಿರುಗಿ ಬಂದ ತರಂಗದ ವ್ಯತ್ಯಾಸದ ಮ್ಯಾಲೆ ವೇಗ ಹಿಡೀತೈತಿ. ರಸ್ತೇದಾಗ ನಿಂತಿದ್ದು ಏನೇನಿರ್ತೈತಿ ನೋಡ್ರಿ: ಬೋರ್ಡು, ಸೇತುವೆ, ಕಬ್ಬಿಣದ ತಡೆಗಟ್ಟಿ, ಗಟಾರದ ಮುಚ್ಚಳ. ಇವಕ್ಕೆಲ್ಲಾ ಬ್ರೇಕ್ ಹಾಕ್ಕೋತ ಹೋದ್ರ ಗಾಡಿ ಮುಂದ ಹೋಗೂದ ಇಲ್ಲ. ಅದಕ್ಕ ಹೆಚ್ಚು ವೇಗದಾಗ ನಿಂತ ವಸ್ತುವಿನ ಸಂಜ್ಞೆಯನ್ನ ಬಾಳಷ್ಟು ಗಾಡಿ ಬದಿಗಿಡ್ತಾವ, ಕ್ಯಾಮೆರಾ 'ಇದು ಗಾಡಿ' ಅಂತ ಸಾಕ್ಷಿ ಹೇಳಿದ್ರಷ್ಟ ಬ್ರೇಕ್. ಕ್ಯಾಮೆರಾಕ್ಕ ಕಲಿಸಿದ್ದು ಗಾಡಿಯ ಹಿಂಭಾಗದ ಆಕಾರ, ಎರಡು ಲೈಟು, ನಂಬರ್ ಪ್ಲೇಟು. ಕಬ್ಬು ಹೊರಗ ಚಾಚಿದ ಟ್ರೇಲರ್, ಹೊಟ್ಟು ಹೇರಿದ ಚಕ್ಕಡಿ, ತಾಡಪಾಲ್ ಇಳಿಬಿದ್ದ ಲಾರಿ ಆ ಆಕಾರಕ್ಕ ಹೊಂದೂದಿಲ್ಲ. ಮಾನ್ಯುವಲ್ ತಗದು ನೋಡ್ರಿ, ನಿಂತ ವಾಹನ ಗುರುತಿಸದೇ ಇರಬಹುದು ಅಂತ ಬರದಿರ್ತಾರ.

ಎಲ್ಲಾಕ್ಕಿಂತ ಕೆಟ್ಟದ್ದು ಇದು: ನಿಮ್ಮ ಮುಂದಿನ ಕಾರಿನ ಬೆನ್ನ ಹಿಂದ ಕ್ರೂಸ್ ಹಚ್ಚಿ ಹೊಂಟೀರಿ. ಅಂವ ಕೆಟ್ಟು ನಿಂತ ಲಾರಿ ನೋಡಿ ಕಡೀ ಗಳಿಗ್ಯಾಗ ಬಲಕ್ಕ ಸರದ. ನಿಮ್ಮ ಗಾಡಿಗೆ 'ಮುಂದ ದಾರಿ ಖಾಲಿ ಆತು' ಅನ್ನಿಸಿ, ಇಟ್ಟ ವೇಗಕ್ಕ ಏರಾಕ ಶುರು ಮಾಡ್ತೈತಿ. ಲಾರಿ 60 ಮೀಟರ್ ದೂರ ಇದ್ರ 80ರ ವೇಗಕ್ಕ ನಿಮ್ಮ ಕೈಯಾಗ ಇರೋದು ಮೂರು ಸೆಕೆಂಡೂ ಅಲ್ಲ. ಅದಕ್ಕ ಅಂತರದ ಗುಂಡಿಯಾಗ ಎಲ್ಲಾಕ್ಕಿಂತ ದೊಡ್ಡ ಅಂತರ ಇಡ್ರಿ. ನಡುವ ಬೈಕಿನವ್ರು ತೂರ್ತಾರ ಅಂತ ಕಡಿಮಿ ಮಾಡೋರು ಅದಾರ. ತೂರಲಿ. ಗಾಡಿ ಸ್ವಲ್ಪ ಹಿಂದ ಸರೀತೈತಿ, ಅಷ್ಟ.

ಗ್ಲಾಸಿನ ಮಾತು. ಹೊರಗ ಹಾಕಿಸಬಹುದು, ಆದ್ರ ಎರಡು ಶರತ್ತು. ಕ್ಯಾಮೆರಾ ಕೂಡೋ ಬ್ರಾಕೆಟ್ ಗ್ಲಾಸಿಗೇ ಅಂಟಿರ್ತೈತಿ, ನಿಮ್ಮ ಮಾಡೆಲ್ಲಿಗೆ ಬರೋ ಅದ ಗ್ಲಾಸ ಬೇಕು. ಮತ್ತ ಹಾಕಿದ ಮ್ಯಾಲೆ ಕ್ಯಾಮೆರಾ ಕ್ಯಾಲಿಬ್ರೇಶನ್ (ಅದರ ನೋಟ ಸರಿಯಾಗಿ ಹೊಂದಿಸೋದು) ಆಗಲೇಬೇಕು, ಇದಕ್ಕ ರಿಯಾಯ್ತಿ ಇಲ್ಲ. ಕ್ಯಾಮೆರಾ ಒಂದ ಡಿಗ್ರಿ ವಾರೆ ಆತಂದ್ರ 100 ಮೀಟರ್ ಮುಂದ 1.75 ಮೀಟರ್ ಸರದಂಗ. ಲೇನಿನ ಅಗಲ ಮೂರೂವರೆ ಮೀಟರ್. ಅಂದ್ರ ಅರ್ಧ ಲೇನ್ ಹೋತು. ಬಾಜೂ ಲೇನಿನ ಬಸ್ ನಿಮ್ಮ ಮುಂದೈತಿ ಅಂತ ತಿಳಿದು ಬ್ರೇಕ್ ಬೀಳ್ತೈತಿ, ಇಲ್ಲಾ ಮುಂದಿರೋ ಗಾಡಿನ ಬಾಜೂ ಲೇನಿಗೆ ಹಾಕ್ತೈತಿ.

ಕ್ಯಾಲಿಬ್ರೇಶನ್ ಎರಡು ಬಗೆ. ಒಂದು, ಸಪಾಟ ನೆಲದ ಮ್ಯಾಲೆ ಗಾಡಿ ನಿಲ್ಲಿಸಿ, ಟೈರಿನ ಗಾಳಿ ಸಮ ಮಾಡಿ, ಡಿಕ್ಕಿ ಖಾಲಿ ಮಾಡಿ, ಅಳತಿ ಹಿಡಿದು ಮುಂದ ಗುರಿ ಹಲಗಿ ನಿಲ್ಲಿಸಿ ಸ್ಕ್ಯಾನರಿನಿಂದ ಮಾಡೋದು. ಇನ್ನೊಂದು, ಸ್ಕ್ಯಾನರ್ ಜೋಡಿಸಿಕೊಂಡ ರಸ್ತೇದಾಗ ಸಮ ವೇಗದಾಗ ಓಡಿಸೋದು. ಇದಕ್ಕ ಎರಡೂ ಬದಿ ಬಿಳಿ ಗೆರಿ ಸ್ಪಷ್ಟ ಕಾಣಬೇಕು, ಮಳಿ ಇರಬಾರದು. ಯಾವುದು ಬೇಕು ಅನ್ನೋದು ಮಾಡೆಲ್ ಮ್ಯಾಲೆ ಹೋಗ್ತೈತಿ, ಕೆಲವಕ್ಕ ಎರಡೂ ಬೇಕು. ಡ್ಯಾಶಿನಾಗ ಎರರ್ ಇಲ್ಲ ಅಂದ್ರ ಸರಿ ಐತಿ ಅಂತ ಅಲ್ಲ, ವಾರೆ ಕ್ಯಾಮೆರಾ ಎರರ್ ತೋರಿಸದನೂ ಓಡ್ತೈತಿ. ಕೆಲಸ ಆದ ಮ್ಯಾಲೆ ಸ್ಕ್ಯಾನರಿನ ರಿಪೋರ್ಟ್ ಪ್ರಿಂಟ್ ಕೇಳಿ ತಗೋರಿ. ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದಾಗ ಸ್ಟೇರಿಂಗ್ ಕೋನದ ಸೆನ್ಸರ್ ಶೂನ್ಯಕ್ಕ ಹೊಂದಿಸ್ಯಾರೇನು ಅಂತನೂ ಕೇಳ್ರಿ.

ಇನ್ನ ನಮ್ಮ ಕಡೆದ್ದ ತ್ರಾಸು. ಮಳಿಗಾಲದಾಗ ನವಲಗುಂದ, ಅಣ್ಣಿಗೇರಿ ಕಡೆ ಎರಿ ರಾಡಿ ಸಿಡದು ರೇಡಾರಿನ ಮುಚ್ಚಳದ ಮ್ಯಾಲೆ ಒಣಗಿ ಬಿಲ್ಲಿ ಕಟ್ಟತೈತಿ. ಹಸಿ ಇದ್ದಾಗ ನೀರಿಂದ ತೊಳೀರಿ, ಒಣಗಿದ ಮ್ಯಾಲೆ ಉಜ್ಜಬ್ಯಾಡ್ರಿ, ಗೀರು ಬೀಳ್ತಾವ. ಕೆಲವು ಗಾಡಿಯಾಗ ರೇಡಾರ್ ಇರೋದು ಮುಂದಿನ ಕಂಪನಿ ಗುರುತಿನ ಹಿಂದ. ಅದನ್ನ ಹೊಳಪಿನ ಲೋಹದ ಗುರುತಿಗೆ ಬದಲಿಸಿದ್ರ ರೇಡಾರ್ ಕುರುಡು. ಬಂಪರಿಗೆ ಪುಟ್ಟಿ ಮೆತ್ತಿ ದಪ್ಪ ಪೇಂಟ್ ಹೊಡದ್ರೂ ಹಂಗ. ಮುಂದ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕೋದಂತೂ 2017ರ ಡಿಸೆಂಬರದಾಗ ಕೇಂದ್ರದವ್ರು ಬ್ಯಾಡಂದಾರ.

ಖಂಡೇ ಪೂಜಿ ದಿನ ಒಂದು ಕಾಳಜಿ ಇರ್ಲಿ. ಚೆಂಡುಹೂವಿನ ಮಾಲಿ, ಬಾಳಿಕಂಬ, ಲಿಂಬಿಹಣ್ಣು-ಮೆಣಸಿನಕಾಯಿ ರೇಡಾರಿನ ಮುಂದ ಜೋತು ಬಿಟ್ರ ಅದು ಅಡ್ಡ ವಸ್ತು ಆಗ್ತೈತಿ. ಗ್ಲಾಸಿಗೆ ವಿಭೂತಿ, ಕುಂಕುಮ ಹಚ್ಚೋರು ಕನ್ನಡಿ ಹಿಂದಿನ ಕ್ಯಾಮೆರಾದ ಎದುರು ಒಂದು ಗೇಣು ಜಾಗ ಬಿಟ್ಟು ಹಚ್ಚಿರಿ. ಪೂಜಿ ಚಂದಂಗ ಮಾಡ್ರಿ, ಓಡಿಸೋ ಮೊದ್ಲು ಆ ಎರಡು ಜಾಗ ಅಷ್ಟ ಒರಿಸಿರಿ.

ವರದಾ_ದಂಡಿ:

ಲೇನ್ ಕೀಪ್ ಬಿಟ್ಟು ಹೋಗುವುದು ಕೆಟ್ಟದ್ದರಿಂದ ಅಲ್ಲ, ಅದರ ಸ್ವಭಾವವೇ ಅದು. ಗೆರೆ ಮಾಸಿದರೆ, ತಿರುವು ಬಿಗಿಯಾದರೆ, ಎದುರು ಬಿಸಿಲು ಕ್ಯಾಮೆರಾಕ್ಕೆ ಹೊಡೆದರೆ ಅದು ಕೈ ಬಿಡುತ್ತದೆ. ಬಹಳ ಗಾಡಿಗಳಲ್ಲಿ ಆಗ ಸದ್ದು ಬರುವುದಿಲ್ಲ. ಸ್ಟೇರಿಂಗಿನ ಹಸಿರು ಚಿತ್ರ ಬಿಳಿಯಾಗುತ್ತದೆ ಅಥವಾ ಬೂದಿಯಾಗುತ್ತದೆ, ಅಷ್ಟೇ. ಕ್ರೂಸ್ ಮಾತ್ರ ಮುಂದುವರಿದಿರುತ್ತದೆ. ವೇಗ ಗಾಡಿಯ ಕೈಯಲ್ಲಿ, ಸ್ಟೇರಿಂಗ್ ಯಾರ ಕೈಯಲ್ಲೂ ಇಲ್ಲ; ಇಂಥ ಒಂದೆರಡು ಸೆಕೆಂಡು ಸಾಕು. ಗಬ್ಬೂರ–ನರೇಂದ್ರ ಬೈಪಾಸಿನಂಥ ರಸ್ತೆಯಲ್ಲಿ ಅಗಲೀಕರಣ ನಡೆದ ಕಡೆ ಹಳೇ ಗೆರೆ, ಹೊಸ ಗೆರೆ ಎರಡೂ ಇರುತ್ತವೆ. ಕ್ಯಾಮೆರಾ ಹಳೇದನ್ನು ಹಿಡಿದರೆ ಸ್ಟೇರಿಂಗನ್ನು ಬ್ಯಾರಿಕೇಡಿನ ಕಡೆ ಎಳೆಯುತ್ತದೆ. ಕೆಲಸದ ಬೋರ್ಡು ಕಂಡ ಕೂಡಲೇ ಲೇನ್ ಕೀಪ್ ಬಂದ್.

ಇನ್ನೊಂದು ಮೋಸ ಕ್ರೂಸಿನ ನೆನಪಿನದು. ಎನ್‌ಎಚ್ 48ರಲ್ಲಿ 90ಕ್ಕೆ ಹಚ್ಚಿದ್ದೀರಿ, ಬಂಕಾಪುರದ ಹತ್ತಿರ ಸರ್ವೀಸ್ ರಸ್ತೆಗೆ ಇಳಿದಿರಿ, ಮುಂದೆ ಒಂದು ಟೆಂಪೋ ಇದ್ದದ್ದರಿಂದ ಗಾಡಿ 30ರಲ್ಲಿ ತೆಪ್ಪಗೆ ಹೋಗುತ್ತಿದೆ. ಟೆಂಪೋ ಪಕ್ಕಕ್ಕೆ ತಿರುಗಿದ ಗಳಿಗೆಗೆ ಗಾಡಿ ಹಳೇ 90 ನೆನಪಿಸಿಕೊಂಡು ಓಡುತ್ತದೆ. ಸರ್ವೀಸ್ ರಸ್ತೆಯಲ್ಲಿ ಸುಗ್ಗಿಯ ದಿನಗಳಲ್ಲಿ ಗೋವಿನಜೋಳ ಹರವಿರುತ್ತಾರೆ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ, ಕಾಳು ಕೈಯಾಡಿಸುತ್ತ ಹೆಣ್ಣುಮಕ್ಕಳು ಬಗ್ಗಿ ಕೂತಿರುತ್ತಾರೆ. ಬಗ್ಗಿ ಕೂತ ಮನುಷ್ಯನನ್ನು ಗುರುತಿಸುವುದು ಕ್ಯಾಮೆರಾಕ್ಕೆ ಬಹಳ ಕಷ್ಟ, ಕಾಳಿನ ಮೇಲೆ ಬ್ರೇಕ್ ಹಾಕಿದರೆ ಟೈರು ಜಾರುತ್ತದೆ. ಹೈವೇ ಬಿಡುವ ಮೊದಲೇ ಕ್ಯಾನ್ಸಲ್ ಒತ್ತಿ. ಮತ್ತೆ ಹತ್ತಿದಾಗ ಹಳೇ ವೇಗಕ್ಕೆ ಮರಳಿಸುವ 'ರೆಸ್' ಗುಂಡಿ ಒತ್ತಬೇಡಿ, ವೇಗವನ್ನು ಹೊಸದಾಗಿ 'ಸೆಟ್' ಮಾಡಿ.

ಲಾರಿಯವರ ಭಾಷೆಯೂ ಗಾಡಿಗೆ ತಿಳಿಯದು. ಮುಂದಿನ ಲಾರಿ ಬಲಗಡೆ ಇಂಡಿಕೇಟರ್ ಹಾಕಿದರೆ 'ನೀ ದಾಟಿ ಹೋಗು' ಅಂತಲೂ ಇರಬಹುದು, 'ನಾ ಬಲಕ್ಕೆ ತಿರುಗುತ್ತೇನೆ' ಅಂತಲೂ ಇರಬಹುದು. ಕ್ಲೀನರಿನ ಕೈ, ಲಾರಿಯ ವೇಗ, ಮುಂದೆ ಕ್ರಾಸ್ ಇದೆಯೋ ಇಲ್ಲವೋ, ಇಷ್ಟೂ ನೋಡಿ ತೀರ್ಮಾನಿಸುವವರು ನೀವು. ನಲವಡಿ, ಹುಲಕೋಟಿಯಂಥ ಊರಿನ ಕ್ರಾಸುಗಳಲ್ಲಿ ಅರ್ಧ ಕಿಲೋಮೀಟರು ಮೊದಲೇ ಕಾಲನ್ನು ಬ್ರೇಕಿನ ಮೇಲೆ ತಂದಿಡಿ.

ಅಪ್ಪಾಜಿಯವರ ವಿಷಯ. ಮುಂದಿನ ಡಿಕ್ಕಿಯ ಎಚ್ಚರಿಕೆ, ತಾನೇ ಬ್ರೇಕ್ ಹಾಕುವುದು, ಹಿಂದಿನ ಬದಿಯ ಗಾಡಿ ತೋರಿಸುವುದು ಇವು ಅವರಿಗೆ ಆಸರೆಯೇ, ಯಾವಾಗಲೂ ಚಾಲೂ ಇರಲಿ. ಇವು ಡ್ರೈವರಿನ ಕೆಲಸ ಕಸಿಯುವುದಿಲ್ಲ, ಅವನು ತಪ್ಪಿದಾಗ ಮಾತ್ರ ಬರುತ್ತವೆ. ಕ್ರೂಸ್ ಮತ್ತು ಲೇನ್ ಕೀಪ್ ಜೋಡಿ ಬೇರೆ ಮಾತು. ಬಿಟ್ಟ ಸ್ಟೇರಿಂಗನ್ನು ಥಟ್ಟನೆ ಹಿಡಿಯುವ ಕೆಲಸಕ್ಕೆ ವಯಸ್ಸು ಅಡ್ಡ ಬರುತ್ತದೆ, ಅವರಿಗೆ ಅದು ಬೇಡ. ವಯಸ್ಸಾದಂತೆ ಮೊದಲು ಮಂದವಾಗುವುದು ಸಣ್ಣ ಕೀರಲು ಸದ್ದು ಕೇಳುವ ಶಕ್ತಿ. ಎಚ್ಚರಿಕೆಯ ಸದ್ದನ್ನು ಜೋರು ಮಾಡಿ, ಸ್ಟೇರಿಂಗ್ ನಡುಗುವ ಸೌಲಭ್ಯ ಇದ್ದರೆ ಚಾಲೂ ಮಾಡಿ. ಎದುರಿನ ಲೈಟು ಕಣ್ಣಿಗೆ ಹೊಡೆದ ಮೇಲೆ ಕತ್ತಲಿಗೆ ಹೊಂದಿಕೊಳ್ಳಲು ಅವರ ಕಣ್ಣಿಗೆ ಹೆಚ್ಚು ಹೊತ್ತು ಬೇಕು. ಅಡಾಸ್ ಅದನ್ನು ತುಂಬಿಕೊಡುವುದಿಲ್ಲ, ರಾತ್ರಿಯ ಓಡಾಟ ನಿಮ್ಮ ಪಾಲಿಗಿರಲಿ.

ಒಂದೇ ಗಾಡಿ ಇಬ್ಬರು ಓಡಿಸುವ ಮನೆಯಲ್ಲಿ ಇನ್ನೊಂದು ತೊಡಕು: ಒಬ್ಬರು ಬದಲಿಸಿದ ಸೆಟ್ಟಿಂಗ್ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಕೆಲವು ಗಾಡಿಗಳಲ್ಲಿ ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಲೇನ್ ಕೀಪ್ ತಾನೇ ಚಾಲೂ ಆಗುತ್ತದೆ, ಕೆಲವಲ್ಲಿ ಹಿಂದಿನಂತೆಯೇ ಉಳಿಯುತ್ತದೆ. ಹೊರಡುವ ಮೊದಲು ನಿಂತಲ್ಲೇ ಪರದೆ ನೋಡಿ, ಯಾವುದು ಚಾಲೂ ಯಾವುದು ಬಂದ್ ಎಂದು ಬಾಯಿಬಿಟ್ಟು ಹೇಳಿಕೊಳ್ಳುವ ರೂಢಿ ಮಾಡಿಕೊಳ್ಳಿ.

ಅಣ್ಣಿಗೇರಿ_ಕ್ರಾಸ್:

ಇಷ್ಟು ಬಿಡಿಸಿ ಹೇಳಿದ್ದಕ್ಕ ಬಾಳ ಉಪಕಾರ ಆತ್ರಿ. ಎರಡು ಉಳದಾವ. ಕೈ ಹಿಡದಿದ್ರೂ 'ಸ್ಟೇರಿಂಗ್ ಹಿಡೀರಿ' ಅಂತ ಪದೇ ಪದೇ ಬರ್ತೈತಿ, ಯಾಕ? ಮತ್ತ ನಿದ್ದಿ ಬಂದಾಗ ಚಹಾ ಕಪ್ಪಿನ ಚಿತ್ರ ಬರೋದನ್ನ ರಾತ್ರಿ ನಂಬಬಹುದೇನು?

ನವಲೂರ_ಪೇರು:

ನಿಮ್ಮ ಗಾಡಿ ಕೈಯನ್ನು ನೋಡುತ್ತಿಲ್ಲ, ಸ್ಟೇರಿಂಗ್ ಕಂಬದ ಮೇಲೆ ಬೀಳುವ ತಿರುಚು ಬಲವನ್ನು ಅಳೆಯುತ್ತಿದೆ. ನೇರ ರಸ್ತೆಯಲ್ಲಿ ಎರಡೂ ಕೈ ಸಮನಾಗಿ ಹಿಡಿದರೆ ಬಲ ಶೂನ್ಯ, ಕೈ ಇಲ್ಲ ಅಂತ ತಿಳಿಯುತ್ತದೆ. ಒಂದು ಕೈಯ ಭಾರವನ್ನು ಹಗುರಾಗಿ ಚಕ್ರದ ಮೇಲೆ ಬಿಟ್ಟರೆ ಸಾಕು. ಇದೇ ಕಾರಣಕ್ಕೆ ನೀರಿನ ಬಾಟಲಿ ಸಿಕ್ಕಿಸಿ ಗಾಡಿಯನ್ನು ನಂಬಿಸುವವರಿದ್ದಾರೆ. ದಯಮಾಡಿ ಯಾರೂ ಆ ಕೆಲಸ ಮಾಡಬೇಡಿ. ಗಾಡಿಯಲ್ಲಿ ಉಳಿದಿರುವ ಕಟ್ಟಕಡೆಯ ಕಾವಲನ್ನೂ ಆ ಬಾಟಲಿ ಇಲ್ಲವಾಗಿಸುತ್ತದೆ.

ಚಹಾ ಕಪ್ಪಿನದು ಸೂಕ್ಷ್ಮ. ಮುಖ ನೋಡುವ ಕ್ಯಾಮೆರಾ ಇಲ್ಲದ ಗಾಡಿಗಳು ನಿದ್ದೆಯನ್ನು ಅಳೆಯುವುದು ಸ್ಟೇರಿಂಗ್ ಹಿಡಿದ ರೀತಿಯಿಂದ: ಸ್ವಲ್ಪ ಹೊತ್ತು ಅಲುಗಾಡದೆ ಇದ್ದು, ಆಮೇಲೆ ಥಟ್ಟನೆ ಎಳೆದರೆ ಡ್ರೈವರ್ ತೂಕಡಿಸುತ್ತಿದ್ದಾನೆ ಎಂದು. ಲೇನ್ ಕೀಪ್ ಚಾಲೂ ಇದ್ದಾಗ ಸ್ಟೇರಿಂಗ್ ತಿದ್ದುವುದು ಗಾಡಿಯೇ. ನಿಮ್ಮ ತೂಕಡಿಕೆಯನ್ನು ಅದೇ ಮುಚ್ಚಿಬಿಡುತ್ತದೆ, ಕಪ್ಪು ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ನಿದ್ದೆ ಎಳೆಯುತ್ತಿದೆ ಎಂದು ಅನಿಸಿದಾಗ ಜನ ಲೇನ್ ಕೀಪ್ ಹಚ್ಚುತ್ತಾರೆ, ಆಗಲೇ ಅದು ಎಲ್ಲಕ್ಕಿಂತ ಅಪಾಯ. ರಾಣೇಬೆನ್ನೂರಿನಿಂದ ರಾತ್ರಿ ಬರುವಾಗ ಎರಡು ತಾಸಿಗೊಮ್ಮೆ ಅಲ್ಲ, ಕಣ್ಣು ಉರಿಯುವುದು, ಹಿಂದಿನ ಎರಡು ಕಿಲೋಮೀಟರು ನೆನಪಿಗೆ ಬಾರದಿರುವುದು ಶುರುವಾದ ಕೂಡಲೇ ಪೆಟ್ರೋಲ್ ಬಂಕಿನೊಳಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ. ಎದ್ದ ಮೇಲೆ ಮಂಪರು ಹರಿಯಲು ಇನ್ನೂ ಹತ್ತು-ಹದಿನೈದು ನಿಮಿಷ ಬಿಟ್ಟು ಹೊರಡಿ. ಹೈವೇ ಬದಿಯಲ್ಲಿ ಮಾತ್ರ ನಿಲ್ಲಿಸಬೇಡಿ. ಪಾನಾ ಅವರು ಹೇಳಿದ ಆ ನಿಂತ ಲಾರಿಯ ಜಾಗದಲ್ಲಿ ನೀವೇ ಇರುತ್ತೀರಿ.

ಬ್ಯಾಡಗಿ_ಕೆಂಪು:

ಕಾಯ್ದೆ ಬಗ್ಗೆ ಯಾರೂ ಹೇಳಿಲ್ಲ, ಚಿಕ್ಕದಾಗಿ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿಯೇ ಡ್ರೈವರ್ ಅನ್ನುವ ಮಾತು ಎಲ್ಲೂ ಇಲ್ಲ. ಲೇನ್ ಕೀಪ್ ಚಾಲೂ ಇತ್ತು ಅಂತ ಹೇಳಿದರೂ ಸೀಟಿನಲ್ಲಿ ಕೂತವರೇ ಡ್ರೈವರ್. 2019ರ ತಿದ್ದುಪಡಿಯ ನಂತರ 184ನೇ ಕಲಮಿನಲ್ಲಿ ಓಡಿಸುವಾಗ ಕೈಯಲ್ಲಿ ಮೊಬೈಲ್ ಬಳಸುವುದೂ ಅಪಾಯಕಾರಿ ಚಾಲನೆಯೊಳಗೆ ಬರುತ್ತದೆ. ಗಾಡಿ ತಾನೇ ಓಡುತ್ತಿತ್ತು ಎಂಬುದಕ್ಕೆ ಅಲ್ಲಿ ವಿನಾಯ್ತಿ ಇಲ್ಲ.

ಪಾನಾ_14:

ಗ್ಲಾಸ್ ಹಾಕಿಸಿದ ದಿನ ಅಂಟು ಒಣಗೋತನಕ ಗಾಡಿ ಹೊರಗ ತಗೀಬ್ಯಾಡ್ರಿ, ಎಷ್ಟು ತಾಸು ಅನ್ನೋದು ಅಂಟಿನ ಡಬ್ಬಿ ಮ್ಯಾಲೆ ಬರದಿರ್ತೈತಿ. ಅಂಟು ಒಣಗೋ ಮೊದ್ಲ ಕ್ಯಾಲಿಬ್ರೇಶನ್ ಮಾಡಿಸಿದ್ರ ಗ್ಲಾಸ್ ಕೂತಂಗ ಕ್ಯಾಮೆರಾ ಮತ್ತ ಸರೀತೈತಿ, ಮಾಡಿದ್ದು ನೀರಾಗ ಹೋತು. ಬಿರುಕು ಈಗ ಕನ್ನಡಿ ಹಿಂದಿನ ಭಾಗಕ್ಕ ಬಂದೈತೇನು, ಒಂದು ಫೋಟೋ ಹಾಕ್ರಿ. ಬಂದಿದ್ರ ಹೊಸ ಗ್ಲಾಸ್ ಹಾಕಿ ಕ್ಯಾಲಿಬ್ರೇಶನ್ ಆಗೋತನಕ ಕ್ರೂಸ್, ಲೇನ್ ಕೀಪ್ ಎರಡೂ ಮುಟ್ಟಬ್ಯಾಡ್ರಿ.